ಅಂತರ ಕಾಲೇಜು ಪುರುಷರ ಫುಟ್‌ಬಾಲ್ ಪಂದ್ಯಾವಳಿ (ತುಮಕೂರು ವಿಶ್ವವಿದ್ಯಾಲಯ)

ಅಂತರ ಕಾಲೇಜು ಪುರುಷರ ಫುಟ್‌ಬಾಲ್ ಪಂದ್ಯಾವಳಿಯು ತುಮಕೂರು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದ ಪದವಿ ಕಾಲೇಜುಗಳ ನಡುವೆ ನಡೆಯುವ ಕಾಲ್ಚೆಂಡಾಟದ ಸ್ಪರ್ಧೆಯಾಗಿದೆ. ವಿಜೇತ ಕಾಲೇಜನ್ನು ನಿರ್ಣಯಿಸುವುದರ ಜೊತೆಗೆ, ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಕಳುಹಿಸಬೇಕಾದ ವಿಶ್ವವಿದ್ಯಾಲಯ ತಂಡಕ್ಕೆ ಆಟಗಾರರನ್ನು ಆರಿಸಿಕೊಳ್ಳುವುದೂ ಇದರ ಉದ್ದೇಶ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಂತಹ ತಾಲ್ಲೂಕು ಕೇಂದ್ರಗಳ ವಿದ್ಯಾರ್ಥಿಗಳಿಗೆ ಎರಡನೆಯ ಉದ್ದೇಶವೇ ಹೆಚ್ಚು ಮಹತ್ವದ್ದು.

ಹಿನ್ನೆಲೆ

ತುಮಕೂರು ವಿಶ್ವವಿದ್ಯಾಲಯವು 2004ರಲ್ಲಿ ಸ್ಥಾಪನೆಯಾಯಿತು. ಅದಕ್ಕೆ ಮೊದಲು ಜಿಲ್ಲೆಯ ಪದವಿ ಕಾಲೇಜುಗಳು ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸಂಯೋಜನೆಗೊಂಡಿದ್ದವು. ಈ ಆಡಳಿತಾತ್ಮಕ ಬದಲಾವಣೆಯ ಪರಿಣಾಮ ಆಟದ ಮೈದಾನದಲ್ಲಿಯೂ ಕಾಣುವಂತಹುದು. ಬೆಂಗಳೂರು ಕರ್ನಾಟಕದ ಫುಟ್‌ಬಾಲಿನ ತವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಎಸ್. ರಾಮನ್ ಆ ನಗರದವರು. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯದ ಹೆಸರಿನಲ್ಲಿ ನಾಲ್ಕು ಬಾರಿ ಗೆದ್ದ ತಂಡಗಳ ಬಲವೂ ಬಹುಮಟ್ಟಿಗೆ ಬೆಂಗಳೂರಿನದೇ. 1968–69ರ ಗೆಲುವಿನ ನಂತರ ಅದೇ ಟ್ರೋಫಿ ರಾಜ್ಯಕ್ಕೆ ಮರಳಿದ್ದು 2023ರ ಮಾರ್ಚ್‌ನಲ್ಲಿ, ಕರ್ನಾಟಕವು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದಾಗ.

ಎಳವೆಯಿಂದ ಬೀದಿಯಲ್ಲಿ ಚೆಂಡಿನೊಡನೆ ಬೆಳೆದ ನಗರದ ಹುಡುಗರ ಎದುರಿಗೆ, ಪದವಿ ತರಗತಿಗೆ ಬಂದ ಮೇಲೆ ಮೊದಲ ಬಾರಿಗೆ ಬೂಟು ತೊಟ್ಟ ತುರುವೇಕೆರೆಯ ಹುಡುಗನು ವಿಶ್ವವಿದ್ಯಾಲಯ ತಂಡದ ಸ್ಥಾನಕ್ಕಾಗಿ ಸ್ಪರ್ಧಿಸುವುದು ಸುಲಭದ ಮಾತಲ್ಲ. ಜಿಲ್ಲೆಗೇ ಒಂದು ವಿಶ್ವವಿದ್ಯಾಲಯ ಬಂದುದರಿಂದ ಹತ್ತು ತಾಲ್ಲೂಕುಗಳ ಆಟಗಾರರಿಗೆ ಪ್ರತ್ಯೇಕವಾದ ಒಂದು ತಂಡ ದೊರೆಯಿತು.

ಪಂದ್ಯಾವಳಿಯ ಸ್ವರೂಪ

ಇಂತಹ ಪಂದ್ಯಾವಳಿಗಳು ಸಾಮಾನ್ಯವಾಗಿ ನಾಕೌಟ್ ಕ್ರಮದಲ್ಲಿ ನಡೆಯುತ್ತವೆ; ಸೋತ ತಂಡ ಅಲ್ಲಿಗೇ ಹೊರಬೀಳುತ್ತದೆ. ಎಷ್ಟು ತಂಡಗಳು ಭಾಗವಹಿಸಿದರೂ ಒಟ್ಟು ಪಂದ್ಯಗಳ ಸಂಖ್ಯೆ ಅದಕ್ಕಿಂತ ಒಂದು ಕಡಿಮೆ: 16 ತಂಡಗಳಿದ್ದರೆ 15 ಪಂದ್ಯಗಳು. ತಂಡಗಳ ಸಂಖ್ಯೆ 4, 8, 16 ಎಂಬ ಕ್ರಮಕ್ಕೆ ಹೊಂದದಿದ್ದಾಗ ಚೀಟಿ ಎತ್ತಿ ಕೆಲವು ತಂಡಗಳಿಗೆ ‘ಬೈ’ ಕೊಡಲಾಗುತ್ತದೆ. ಉದಾಹರಣೆಗೆ, 11 ತಂಡಗಳಿದ್ದರೆ ಐದು ತಂಡಗಳು ಮೊದಲ ಸುತ್ತನ್ನು ಆಡದೆಯೇ ಎರಡನೆಯ ಸುತ್ತಿಗೆ ಹೋಗುತ್ತವೆ. ನಿಯಮದಂತೆ ಪಂದ್ಯದ ಅವಧಿ 45 ನಿಮಿಷಗಳ ಎರಡು ಅರ್ಧಗಳು. ಆದರೆ ಎರಡು–ಮೂರು ದಿನಗಳಲ್ಲಿ ಎಲ್ಲವನ್ನೂ ಮುಗಿಸಬೇಕಾದಾಗ ಸಂಘಟಕರು ಅವಧಿಯನ್ನು ಮೊಟಕುಗೊಳಿಸುವುದುಂಟು. ಸಮಬಲವಾದರೆ ಪೆನಾಲ್ಟಿ ಶೂಟೌಟ್ ಮೂಲಕ ತೀರ್ಮಾನವಾಗುತ್ತದೆ.

ಹೀಗಾಗಿ ಭಾಗವಹಿಸಿದ ತಂಡಗಳಲ್ಲಿ ಅರ್ಧದಷ್ಟು ತಂಡಗಳ ಇಡೀ ವರ್ಷದ ಸಿದ್ಧತೆ ತಾವು ಆಡುವ ಮೊದಲ ಪಂದ್ಯದಲ್ಲಿಯೇ ಮುಗಿಯುತ್ತದೆ. ದೂರದ ತಾಲ್ಲೂಕಿನಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟು ಬಂದ ತಂಡವೊಂದು ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಸ್ಪರ್ಧೆಯಿಂದ ಹೊರಗಾಗುವುದು ನಾಕೌಟ್ ಕ್ರಮದಲ್ಲಿ ಅಪರೂಪವೇನಲ್ಲ.

ಅಮೆರಿಕದ ಪದ್ಧತಿಗೂ ಇದಕ್ಕೂ ಇರುವ ವ್ಯತ್ಯಾಸ

ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ವಿಶ್ವವಿದ್ಯಾಲಯಗಳು ‘ಕಾನ್ಫರೆನ್ಸ್’ ಎಂಬ ಒಕ್ಕೂಟಗಳಾಗಿ ಗುಂಪುಗೂಡಿರುತ್ತವೆ. ಒಕ್ಕೂಟದ ಪಂದ್ಯಾವಳಿಯನ್ನು ಗೆದ್ದ ತಂಡಕ್ಕೆ, 1959ರಿಂದ ನಡೆಯುತ್ತಿರುವ ಎನ್.ಸಿ.ಎ.ಎ. ರಾಷ್ಟ್ರೀಯ ಪಂದ್ಯಾವಳಿಯಲ್ಲಿ ನೇರ ಪ್ರವೇಶ ಸಿಗುತ್ತದೆ. ಅಲ್ಲಿ ಮುಂದಕ್ಕೆ ಹೋಗುವುದು ಗೆದ್ದ ತಂಡ. ಇಲ್ಲಿ ಗೆದ್ದ ಕಾಲೇಜಿನ ತಂಡವು ಪಾರಿತೋಷಕದೊಡನೆ ಊರಿಗೆ ಮರಳುತ್ತದೆ. ಮುಂದಕ್ಕೆ ಹೋಗುವವರು ಬೇರೆ ಬೇರೆ ಕಾಲೇಜುಗಳಿಂದ ಹೆಕ್ಕಿದ ಆಟಗಾರರು. ನಿನ್ನೆಯವರೆಗೆ ಎದುರಾಳಿಗಳಾಗಿದ್ದವರು ಒಂದೇ ಬಣ್ಣದ ಅಂಗಿ ತೊಟ್ಟು, ಕೆಲವೇ ದಿನಗಳ ತರಬೇತಿ ಶಿಬಿರದಲ್ಲಿ ಒಬ್ಬರನ್ನೊಬ್ಬರು ಅರಿಯಬೇಕಾಗುತ್ತದೆ.

ಆಟಗಾರರ ಆಯ್ಕೆ

ಈ ಪದ್ಧತಿಯ ನ್ಯಾಯವೆಲ್ಲ ನಿಂತಿರುವುದು ಆಯ್ಕೆಯ ಮೇಲೆ. ಐದು ಗೋಲುಗಳಿಂದ ಸೋತ ತಂಡದ ಗೋಲ್‌ಕೀಪರ್ ಅದಕ್ಕೂ ಮೊದಲು ಹತ್ತು ಹೊಡೆತಗಳನ್ನು ತಡೆದಿರಬಹುದು. ಅಂಕಪಟ್ಟಿಯಲ್ಲಿ ಆ ತಡೆಗಳು ಬರುವುದಿಲ್ಲ. ಕುಳಿತು ನೋಡಿದವರಿಗೆ ಮಾತ್ರ ತಿಳಿಯುತ್ತವೆ. ಸೋತ ತಂಡದವರಿಗೂ ಸ್ಥಾನ ಸಿಗಬಹುದೆಂಬುದೇ ಇಲ್ಲಿನ ದೊಡ್ಡ ಆಸೆ. ಆದರೆ ಆಯ್ಕೆಗಾರರು ಸೆಮಿಫೈನಲ್ ಹೊತ್ತಿಗೆ ಮೈದಾನಕ್ಕೆ ಬಂದರೆ ಆ ಆಸೆ ಕಾಗದದ ಮೇಲಿನದಾಗಿ ಉಳಿಯುತ್ತದೆ. ಆದುದರಿಂದ ಪ್ರೇಕ್ಷಕರೇ ಇಲ್ಲದ ಮೊದಲ ಸುತ್ತಿನ ಪಂದ್ಯಗಳು, ಆಯ್ಕೆಯ ದೃಷ್ಟಿಯಿಂದ, ಫೈನಲ್‌ಗಿಂತ ಹೆಚ್ಚಿನ ಗಮನಕ್ಕೆ ಅರ್ಹವಾದವು. ಆಟಗಾರನು ಪೂರ್ಣಾವಧಿ ವಿದ್ಯಾರ್ಥಿಯಾಗಿರಬೇಕು. ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದ ಪ್ರಮಾಣಪತ್ರವು ಮುಂದೆ ಕ್ರೀಡಾ ಕೋಟಾದಡಿ ಸ್ನಾತಕೋತ್ತರ ಅಥವಾ ದೈಹಿಕ ಶಿಕ್ಷಣದ ಕೋರ್ಸುಗಳಿಗೆ ಸೇರಲು ನೆರವಾಗುತ್ತದೆ. ಅಡಕೆ, ತೆಂಗಿನ ಬೆಲೆಯನ್ನೇ ನಂಬಿದ ಮನೆಗಳ ಹುಡುಗರಿಗೆ ಇದು ಸಣ್ಣ ಸಂಗತಿಯಲ್ಲ.

ತೆಂಗಿನ ಸೀಮೆಯಲ್ಲಿ ಮೈದಾನದ ಪ್ರಶ್ನೆ

ಈ ಭಾಗದ ಗ್ರಾಮಗಳಲ್ಲಿ ಕಬಡ್ಡಿ, ಖೋ ಖೋ ಮತ್ತು ವಾಲಿಬಾಲ್ ಹೆಚ್ಚು ಪ್ರಚಾರದಲ್ಲಿವೆ. ಅದಕ್ಕೆ ನೆಲದ ಲೆಕ್ಕವೂ ಒಂದು ಕಾರಣ. ಕಬಡ್ಡಿಯ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಊರ ನಡುವಿನ ಬಯಲೊಂದು ಸಾಕು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ರೂಢಿಯಲ್ಲಿರುವ ಫುಟ್‌ಬಾಲ್ ಮೈದಾನವಾದರೋ 105 ಮೀಟರ್ ಉದ್ದ, 68 ಮೀಟರ್ ಅಗಲ, ಅಂದರೆ ಸುಮಾರು ಒಂದೂಮುಕ್ಕಾಲು ಎಕರೆ. ಮೂವತ್ತು ಅಡಿ ಅಂತರದಲ್ಲಿ ತೆಂಗು ನೆಟ್ಟರೆ ಅಷ್ಟು ಜಾಗದಲ್ಲಿ ಎಂಬತ್ತಕ್ಕೂ ಹೆಚ್ಚು ಮರಗಳು ನಿಲ್ಲುತ್ತವೆ. ಫಲ ಕೊಡುವ ನೆಲವನ್ನು ಆಟಕ್ಕೆ ಬಿಡುವ ರೈತ ಎಲ್ಲಿಯೂ ಸಿಗಲಾರ. ಆದುದರಿಂದ ಅಭ್ಯಾಸವು ಕಾಲೇಜಿನ ಅಂಗಳ, ತಾಲ್ಲೂಕು ಕ್ರೀಡಾಂಗಣ, ಇಲ್ಲವೇ ಬೇಸಿಗೆಯಲ್ಲಿ ನೀರು ಬತ್ತಿದ ಕೆರೆಯಂಗಳವನ್ನು ಅವಲಂಬಿಸಬೇಕಾಗುತ್ತದೆ. ನಿಯಮಗಳು 90 ಮೀಟರ್ ಉದ್ದ, 45 ಮೀಟರ್ ಅಗಲದಷ್ಟು ಕಿರಿದಾದ ಮೈದಾನಕ್ಕೂ ಅವಕಾಶ ನೀಡುತ್ತವೆ. ಆದರೆ ಅಂತಹ ಜಾಗದಲ್ಲಿ ಅಭ್ಯಾಸ ಮಾಡಿದವರು ದೊಡ್ಡ ಮೈದಾನಕ್ಕೆ ಇಳಿದಾಗ ಅಂಚುಗಳಲ್ಲಿ ಓಡಿಯೇ ದಣಿಯುತ್ತಾರೆ.

ಮುಂದಿನ ಹಂತ

ಅಂತರ ವಿಶ್ವವಿದ್ಯಾಲಯ ಸ್ಪರ್ಧೆಗಳು 1925ರಲ್ಲಿ ಆರಂಭವಾದ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಆಶ್ರಯದಲ್ಲಿ ನಡೆಯುತ್ತವೆ. ದಕ್ಷಿಣ ವಲಯದಲ್ಲಿ ಕರ್ನಾಟಕದ ತಂಡಗಳು ಕೇರಳ, ತಮಿಳುನಾಡು, ಆಂಧ್ರಪ್ರದೇಶ, ತೆಲಂಗಾಣಗಳ ವಿಶ್ವವಿದ್ಯಾಲಯಗಳನ್ನು ಎದುರಿಸುತ್ತವೆ. ಕೇರಳದ ಕಲ್ಲಿಕೋಟೆ ವಿಶ್ವವಿದ್ಯಾಲಯವು ಅವುಗಳಲ್ಲಿ ಬಹುಕಾಲದಿಂದ ಪ್ರಬಲವಾದುದು. ವಲಯದ ಅಗ್ರ ತಂಡಗಳು ಕಲ್ಕತ್ತಾ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಸರ್ ಆಶುತೋಷ್ ಮುಖರ್ಜಿಯವರ ಹೆಸರಿನ ಅಖಿಲ ಭಾರತ ಪಾರಿತೋಷಕಕ್ಕಾಗಿ ಸೆಣಸುತ್ತವೆ. 2020ರಲ್ಲಿ ಒಡಿಶಾದಲ್ಲಿ ಆರಂಭವಾದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿಯೂ ಪುರುಷರ ಫುಟ್‌ಬಾಲ್ ಇದೆ. ಅದರ ಎರಡನೆಯ ಆವೃತ್ತಿಯು 2022ರ ಏಪ್ರಿಲ್–ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ನಡೆಯಿತು.