ಮುಲಾಮಿನ ಪೆಟ್ಟಿಗೆಯನ್ನು ಕೊಳ್ಳುವ ಮುನ್ನ

ನಮ್ಮ ತೀರ್ಥರೂಪರು ಧರಿಸುತ್ತಿದ್ದ ಕರಡಿಗೆಯು ಹಿತ್ತಾಳೆಯದು; ಮೇಲೆ ಬೆಳ್ಳಿಯ ಮುಲಾಮು. ಬಹುಕಾಲದ ಸ್ಪರ್ಶದಿಂದ ಅಂಚುಗಳಲ್ಲಿ ಬೆಳ್ಳಿ ಸವೆದು ಹಳದಿ ಇಣುಕತೊಡಗಿದಾಗ ಅದನ್ನು ಪುನಃ ಲೇಪಿಸಬೇಕೆಂಬ ಆಸೆಯಾಯಿತು. ಪರೀಕ್ಷೆಗೆಂದು ತಾಯಿಯವರ ವಿಭೂತಿಯ ಬಟ್ಟಲನ್ನು ಮೊದಲು ಪಟ್ಟಣದ ಅಂಗಡಿಯೊಂದಕ್ಕೆ ಕೊಟ್ಟೆ. ಅದು ಕನ್ನಡಿಯಂತೆ ಹೊಳೆಯುತ್ತ ಮರಳಿತು. ಆದರೆ ಅಂಚಿನ ಬಳ್ಳಿಯ ಕೆತ್ತನೆಯು ಉಜ್ಜುವ ಚಕ್ರಕ್ಕೆ ಸಿಕ್ಕಿ ಅಳಿದುಹೋಗಿತ್ತು. ಕರಡಿಗೆಯನ್ನು ಕೊಡುವ ಧೈರ್ಯ ಆ ಮೇಲೆ ಬರಲಿಲ್ಲ.

“ದೊಡ್ಡಪ್ಪಾ, ಮನೆಯಲ್ಲಿಯೇ ಮಾಡೋಣ, ಅದಕ್ಕೆ ಸಲಕರಣೆಯ ಪೆಟ್ಟಿಗೆ ಸಿಗುತ್ತದೆ” ಎಂದು ತಮ್ಮನ ಮಗನು ಹಟ ಹಿಡಿದನು. ಇಂಥ ಆಸೆ ಇತರ ಸದ್ಗೃಹಸ್ಥರ ಮನೆಗಳಲ್ಲಿಯೂ ಇರಬಹುದಾದುದರಿಂದ ನಾವು ವಿಚಾರಿಸಿ ತಿಳಿದುದನ್ನು ವಾಚಕರಲ್ಲಿ ನಿವೇದಿಸುತ್ತೇನೆ.

ಲೋಹಲವಣ ಕರಗಿದ ದ್ರಾವಣದಲ್ಲಿ ನಮ್ಮ ವಸ್ತುವನ್ನು ಋಣಧ್ರುವಕ್ಕೂ, ಲೇಪಿಸಬೇಕಾದ ಲೋಹದ ಪಟ್ಟಿಯನ್ನು ಧನಧ್ರುವಕ್ಕೂ ಜೋಡಿಸಿ ಏಕಮುಖ ವಿದ್ಯುತ್ತನ್ನು ಹರಿಸಿದರೆ ವಸ್ತುವಿನ ಮೇಲೆ ಲೋಹದ ಪದರ ಕೂಡುತ್ತದೆ. ಇದೇ ವಿದ್ಯುಲ್ಲೇಪನ. ಇಟಲಿಯ ಬ್ರುನ್ಯಾಟೆಲ್ಲಿ 1805ರಲ್ಲಿಯೇ ಬೆಳ್ಳಿಯ ಮೇಲೆ ಚಿನ್ನವನ್ನು ಹೀಗೆ ಕೂಡಿಸಿದ್ದನು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ನರು 1840ರಲ್ಲಿ ಸಯನೈಡಿನ ದ್ರಾವಣಕ್ಕೆ ಹಕ್ಕುಪತ್ರ ಪಡೆದ ಬಳಿಕ ಇದು ದೊಡ್ಡ ಉದ್ಯಮವಾಯಿತು. ಬೆಳ್ಳಿಯ ಕಾರ್ಖಾನೆಗಳಲ್ಲಿ ಇಂದಿಗೂ ಆ ದ್ರಾವಣ ಬಳಕೆಯಲ್ಲಿದೆ.

ಆದ್ದರಿಂದ ಪೆಟ್ಟಿಗೆಯಲ್ಲಿ ಮೊದಲು ನೋಡಬೇಕಾದುದು ಯಂತ್ರವನ್ನಲ್ಲ, ಸೀಸೆಯ ಮೇಲಿನ ಬರಹವನ್ನು. ಸಯನೈಡು ಇದ್ದರೆ ಆ ಪೆಟ್ಟಿಗೆ ಮನೆಯೊಳಗೆ ಬರಕೂಡದು. ಅದಕ್ಕೆ ಹುಳಿಯಂಶ ತಗುಲಿದರೆ ಪ್ರಾಣಘಾತಕವಾದ ವಿಷಾನಿಲ ಹೊಮ್ಮುತ್ತದೆ. ಹುಣಸೆಹಣ್ಣು, ನಿಂಬೆಹಣ್ಣುಗಳಿಲ್ಲದ ಅಡಿಗೆಮನೆ ನಮ್ಮಲ್ಲಿ ಎಲ್ಲಿದೆ? ಕ್ರೋಮಿಯಮ್ಮಿನ ಲೇಪನವೂ ಹವ್ಯಾಸಿಗಳಿಗೆ ಬೇಡ. ಅದರ ಸಾಂಪ್ರದಾಯಿಕ ದ್ರಾವಣ ಕ್ಯಾನ್ಸರ್‌ಕಾರಕ. ಧನಧ್ರುವಕ್ಕೆ ಸ್ಟೀಲಿನ ಚಮಚವನ್ನು ತೂಗುಬಿಟ್ಟರೂ ಅದೇ ವಿಷ ದ್ರಾವಣಕ್ಕೆ ಇಳಿಯಬಹುದು.

ಹುಡುಗನಿಗೆ ಬೆಳ್ಳಿಯಿಂದಲೇ ಆರಂಭಿಸುವ ಆತುರ. ಆದರೆ ಹಿತ್ತಾಳೆಯನ್ನು ಬೆಳ್ಳಿಯ ದ್ರಾವಣದಲ್ಲಿ ಅದ್ದಿದರೆ ವಿದ್ಯುತ್ತಿಲ್ಲದೆಯೇ ಸಡಿಲವಾದ ಪೊರೆಯೊಂದು ಕಟ್ಟಿ ಮುಂದೆ ಸುಲಿದು ಬರುತ್ತದೆ. ಕಬ್ಬಿಣವನ್ನು ಮೈಲುತುತ್ತದ ನೀರಿನಲ್ಲಿ ಅದ್ದಿದಾಗ ಕೂಡುವ ತಾಮ್ರದ ಗತಿಯೂ ಅದೇ. ನಡುವೆ ನಿಕ್ಕಲ್ಲಿನ ಪದರವಿದ್ದರೆ ಮೇಲಿನದು ನಿಲ್ಲುತ್ತದೆ. ನಿಕ್ಕಲ್ ಮಾತ್ರ ತಾಮ್ರ, ಹಿತ್ತಾಳೆ, ಕಬ್ಬಿಣಗಳ ಮೇಲೆ ನೇರವಾಗಿ ಕೂಡುತ್ತದೆ. ಆದ್ದರಿಂದ ಹೊಸಬರಿಗೆ ನಿಕ್ಕಲ್ಲಿನ ಪೆಟ್ಟಿಗೆಯೇ ಲೇಸೆಂದು ನನ್ನ ಅಭಿಪ್ರಾಯ. ಪುಡಿಗಿಂತ ಸಿದ್ಧದ್ರಾವಣವಿರುವುದನ್ನು ಆರಿಸಬೇಕು. ನಿಕ್ಕಲ್ ಲವಣದ ಧೂಳು ಉಸಿರಿಗೆ ಸೇರಬಾರದು. ಕೈಗವಸು, ಕನ್ನಡಕ, ಗಾಳಿಯಾಡುವ ಪಡಸಾಲೆ ಅವಶ್ಯ. ನಿಕ್ಕಲ್ ಕೆಲವರ ಚರ್ಮಕ್ಕೆ ತುರಿಕೆ ತರುವುದರಿಂದ ಮೈಗೆ ತಾಗುವ ವಸ್ತುಗಳಿಗೆ ಅದೇ ಕೊನೆಯ ಪದರವಾಗಬಾರದು. ಉಣ್ಣುವ ಪಾತ್ರೆಗಳಿಗಂತೂ ಇದು ಸಲ್ಲದು. ಅಲ್ಲಿ ತವರದ ಕಲಾಯಿಯೇ ಸರಿ.

ಕುಂಚದಿಂದ ಸವರುವ ಪೆಟ್ಟಿಗೆ ಸವೆದ ಅಂಚನ್ನು ಮುಚ್ಚಲು ಅನುಕೂಲ. ಇಡೀ ದೀಪಕ್ಕೆ ತೊಟ್ಟಿಯೇ ಬೇಕು. ವಿದ್ಯುತ್ತಿನ ಪ್ರಮಾಣವನ್ನು ಆಂಪಿಯರಿನಲ್ಲಿ ಸ್ಥಿರವಾಗಿ ನಿಲ್ಲಿಸುವ ಉಪಕರಣವಿರಲಿ. 10 ಸೆಂಟಿಮೀಟರ್ ಚೌಕದಷ್ಟು ಮೇಲ್ಮೈಗೆ 2 ಆಂಪಿಯರ್ ಹರಿಸಿದರೆ ಅರ್ಧ ತಾಸಿನಲ್ಲಿ ಸುಮಾರು 12 ಮೈಕ್ರಾನ್ ನಿಕ್ಕಲ್ ಕೂಡುತ್ತದೆ, ಎಂದರೆ ಒಂದು ಮಿಲಿಮೀಟರಿನ ಎಂಬತ್ತನೆಯ ಒಂದು ಪಾಲು. ಇಷ್ಟು ತೆಳುವಾದ ಪದರವನ್ನು ಬೂದಿ ಹಚ್ಚಿ ತಿಕ್ಕಿದರೆ ಎಷ್ಟು ದಿನ ಬಾಳೀತು? ನಮ್ಮ ಕರಡಿಗೆ ಸವೆದುದಕ್ಕೆ ಕಾಲಕ್ಕಿಂತ ನಮ್ಮ ತಿಕ್ಕಾಟವೇ ಹೆಚ್ಚಿನ ಕಾರಣವೆಂದು ಈಗ ತೋರುತ್ತದೆ.

ಕೆಲಸದ ಬಹುಪಾಲು ಶುದ್ಧಿಯಲ್ಲಿದೆ. ಜಿಡ್ಡು ತೆಗೆದು ತೊಳೆದ ಮೇಲೆ ನೀರು ವಸ್ತುವಿನ ಮೇಲೆ ಹನಿಹನಿಯಾಗಿ ಒಡೆಯದೆ ಒಂದೇ ಹಾಳೆಯಂತೆ ಹರಡಿ ನಿಂತರೆ ಅದು ಶುದ್ಧವಾಯಿತೆಂದು ತಿಳಿಯಬೇಕು. ಬೆರಳು ತಾಗಿದರೆ ಪುನಃ ತೊಳೆಯಬೇಕು. ದ್ರಾವಣಕ್ಕೆ ಬೆರೆಸುವ ನೀರು ನಲ್ಲಿಯದಲ್ಲ, ಬಟ್ಟಿಯಿಳಿಸಿದ್ದು. ಬಳಸಿ ಉಳಿದ ದ್ರಾವಣವನ್ನು ಬಚ್ಚಲಿಗಾಗಲಿ ತೋಟಕ್ಕಾಗಲಿ ಚೆಲ್ಲಕೂಡದು; ಅಪಾಯಕಾರಿ ತ್ಯಾಜ್ಯವನ್ನು ಸ್ವೀಕರಿಸುವವರಿಗೆ ಒಪ್ಪಿಸಬೇಕು. ಅದಕ್ಕೆ ಅನುಕೂಲವಿಲ್ಲದವರು ಪೆಟ್ಟಿಗೆಯನ್ನು ಕೊಳ್ಳದಿರುವುದೇ ಮೇಲು.

ಬೀದರಿನ ಕುಸುರಿಯ ವಸ್ತುಗಳನ್ನು ಮಾತ್ರ ಈ ತೊಟ್ಟಿಯ ಹತ್ತಿರ ತರಬೇಡಿರಿ. ಅವುಗಳ ಒಡಲು ಬಹುಪಾಲು ಸತು. ಹುಳಿ ದ್ರಾವಣದಲ್ಲಿ ಕರಗಿಹೋಗುತ್ತದೆ. ಕೋಟೆಯ ಮಣ್ಣು, ನವಸಾಗರಗಳಿಂದ ಬಂದ ಅವುಗಳ ಕಪ್ಪು ಕೊಳೆಯಲ್ಲ, ಕಲೆಗಾರನ ಕೈಕೆಲಸ.

ಪೆಟ್ಟಿಗೆ ಬಂದು ಎರಡು ತಿಂಗಳಾಯಿತು. ಹುಡುಗನು ಮುರಿದ ಕಿಟಕಿಯ ಹಿತ್ತಾಳೆಯ ಕೀಲುಗಳ ಮೇಲೆ ಅಭ್ಯಾಸ ನಡೆಸಿದ್ದಾನೆ. ಮೊದಲ ಮೂರು ಸುಲಿದವು, ನಾಲ್ಕನೆಯದು ನಿಂತಿದೆ. ಕರಡಿಗೆಯು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಇನ್ನೂ ಕಪಾಟಿನಲ್ಲಿದೆ. “ಹತ್ತು ಕೀಲು ಸುಲಿಯದೆ ನಿಲ್ಲಲಿ, ಆಮೇಲೆ ಕೇಳು” ಎಂದಿದ್ದೇನೆ.