ಮೆದುಳಿನ ಸಲ್ಫಟೈಡುಗಳ ಅಳತೆಯಲ್ಲಿ ಸಮಸ್ಥಾನಿ ಮಾನಕಗಳು

ನರತಂತುಗಳನ್ನು ಕವಚದಂತೆ ಸುತ್ತಿಕೊಂಡಿರುವ ಮಯಲಿನ್ ಪೊರೆಯ ಮುಖ್ಯ ಮೇದಸ್ಸುಗಳಲ್ಲಿ ಸಲ್ಫಟೈಡ್ ಒಂದು. 1884ರಲ್ಲಿ ಲಂಡನ್ನಿನ ಥುಡಿಕಮ್ ಇದನ್ನು ಮಾನವನ ಮೆದುಳಿನಲ್ಲಿ ಗುರುತಿಸಿದನು. ಸೆರಮೈಡಿಗೆ ಗ್ಯಾಲಕ್ಟೋಸ್ ಸಕ್ಕರೆಯೂ, ಆ ಸಕ್ಕರೆಗೆ ಸಲ್ಫೇಟ್ ಗುಂಪೂ ಸೇರಿ ಈ ಅಣು ಆಗಿದೆ. ಸೆರಮೈಡಿನ ಮೇದಾಮ್ಲ ಸರಪಣಿಯ ಉದ್ದವು ಬೇರೆ ಬೇರೆಯಾಗಿರುವುದರಿಂದ ಸಲ್ಫಟೈಡ್ ಎಂಬುದು ಒಂದೇ ವಸ್ತುವಲ್ಲ, ಒಂದು ವರ್ಗ.

ಅರೈಲ್‌ಸಲ್ಫಟೇಸ್-ಎ ಎಂಬ ಕಿಣ್ವದ ಕೊರತೆಯಿಂದ ಸಲ್ಫಟೈಡ್ ಒಡೆಯದೆ ಸಂಚಯವಾದರೆ ಮಯಲಿನ್ ನಾಶವಾಗುವುದು. ಇದೇ ಮೆಟಾಕ್ರೊಮ್ಯಾಟಿಕ್ ಲ್ಯೂಕೋಡಿಸ್ಟ್ರಫಿ ಎಂಬ ಆನುವಂಶಿಕ ರೋಗ. ಆದರೆ ಈ ಕಿಣ್ವದ ಪಟುತ್ವವು ಕಡಮೆಯಿದ್ದೂ ಆರೋಗ್ಯದಿಂದಿರುವವರುಂಟು. ಆದುದರಿಂದ ಕಿಣ್ವಪರೀಕ್ಷೆಯೊಂದೇ ಸಾಲದು. ಮೂತ್ರದಲ್ಲಿಯೋ ರಕ್ತದಲ್ಲಿಯೋ ಇರುವ ಸಲ್ಫಟೈಡನ್ನೂ ಅಳೆಯಬೇಕು. 2020ರಲ್ಲಿ ಯೂರೋಪಿನಲ್ಲಿಯೂ 2024ರಲ್ಲಿ ಅಮೆರಿಕದಲ್ಲಿಯೂ ಅನುಮತಿ ಪಡೆದ ಜೀನ್ ಚಿಕಿತ್ಸೆಯು ರೋಗಲಕ್ಷಣಗಳು ತೋರುವುದಕ್ಕೆ ಮೊದಲೇ ದೊರೆತರೆ ಹೆಚ್ಚು ಫಲಕಾರಿ. ಅಳತೆ ತಪ್ಪಿದರೆ ಶಿಶುವಿಗೆ ಆ ಅವಕಾಶವೇ ತಪ್ಪೀತು.

ಅಳತೆಯಲ್ಲಿ ಎರಡು ತೊಡಕುಗಳಿವೆ. ದ್ರಾವಕದಿಂದ ಮೇದಸ್ಸನ್ನು ಬೇರ್ಪಡಿಸುವಾಗ ಸ್ವಲ್ಪ ಭಾಗ ನಷ್ಟವಾಗುತ್ತದೆ. ದ್ರವ್ಯರಾಶಿ ರೋಹಿತಮಾಪಕದಲ್ಲಿ ಅಣುಗಳು ಅಯಾನುಗಳಾಗುವಾಗ ಜೊತೆಯ ವಸ್ತುಗಳು ಅಡ್ಡಿಮಾಡುತ್ತವೆ. ಪರಿಹಾರವೆಂದರೆ, ಮೂರು ಜಲಜನಕ ಪರಮಾಣುಗಳ ಬದಲು ಅದರ ಭಾರವಾದ ಸಮಸ್ಥಾನಿಯಾದ ಡ್ಯುಟೇರಿಯಮನ್ನು ಹೊಂದಿರುವ ಸಲ್ಫಟೈಡನ್ನು ಗೊತ್ತಾದ ಪ್ರಮಾಣದಲ್ಲಿ ಮೊದಲೇ ಬೆರೆಸುವುದು. ಹದಿನೆಂಟು ಇಂಗಾಲಗಳ ಮೇದಾಮ್ಲವುಳ್ಳ ಸಹಜ ಸಲ್ಫಟೈಡಿನ ಋಣ ಅಯಾನಿನ ದ್ರವ್ಯರಾಶಿ 806.5, ಗುರುತಿಟ್ಟುದರದು 809.5. ಒಡೆದಾಗ ಎರಡೂ 97 ದ್ರವ್ಯರಾಶಿಯ ಸಲ್ಫೇಟ್ ತುಣುಕನ್ನು ಕೊಡುತ್ತವೆ; ಮೂಲ ಅಯಾನಿನ ದ್ರವ್ಯರಾಶಿಯಿಂದ ಅವನ್ನು ಬೇರ್ಪಡಿಸಿ ತಿಳಿಯಬಹುದು.

ಮೂರರ ಅಂತರವೇಕೆ? ಪ್ರಕೃತಿಯ ಇಂಗಾಲದಲ್ಲಿ ಶೇಕಡ 1.1ರಷ್ಟು ಇಂಗಾಲ-13 ಇದೆ. ಈ ಅಣುವಿನಲ್ಲಿ 42 ಇಂಗಾಲಗಳಿರುವುದರಿಂದ ಒಂದೆರಡು ಮಾನ ಭಾರವಾದ ಸಹಜ ಅಣುಗಳು ಗಣನೀಯವಾಗಿಯೇ ಇರುತ್ತವೆ. ಮೂರಕ್ಕೆ ಬರುವ ವೇಳೆಗೆ ಅವು ವಿರಳ.

ಉದಾಹರಣೆಗೆ, 10 ಪಿಕೊಮೋಲ್ ಮಾನಕವನ್ನು ಬೆರೆಸಿ, ಸಹಜ ಅಣುವಿನ ಸಂಕೇತವು ಮಾನಕದ 2.5 ಪಟ್ಟಿದ್ದರೆ, ಮೂಲದಲ್ಲಿದ್ದುದು 25 ಪಿಕೊಮೋಲ್. ಅರ್ಧ ನಷ್ಟವಾದರೂ ಎರಡೂ ಸಮನಾಗಿ ನಷ್ಟವಾಗುವುದರಿಂದ ಅನುಪಾತ ಬದಲಾಗದು.

ಈ ವಿಧಾನಕ್ಕೂ ಮಿತಿಗಳಿವೆ. ಮಾನಕವನ್ನು ಬೆರೆಸುವುದಕ್ಕೆ ಮುಂಚಿನ ನಷ್ಟವನ್ನು ಅದು ಸರಿಪಡಿಸದು. ಒಂದು ಸರಪಣಿಯ ಮಾನಕವು ಉಳಿದ ಉದ್ದಗಳಿಗೆ ಪೂರ್ಣ ಪ್ರತಿನಿಧಿಯಲ್ಲ. ಮಾನಕದಲ್ಲಿ ಗುರುತಿಲ್ಲದ ಅಣುಗಳು ಉಳಿದಿದ್ದರೆ ಅವೂ ಲೆಕ್ಕಕ್ಕೆ ಸೇರಿಬಿಡುತ್ತವೆ. ಆದಕಾರಣ ಯಾವ ಮಾನಕವನ್ನು ಯಾವ ಹಂತದಲ್ಲಿ ಬೆರೆಸಲಾಯಿತೆಂಬುದನ್ನೂ ಫಲಿತಾಂಶದೊಡನೆ ದಾಖಲಿಸುವುದು ಅವಶ್ಯಕ.