ಗೀರಿದರೂ ಅಳಿಯದ ಸಂಖ್ಯೆ

ಪುಣೆಯ ಮಗರಪಟ್ಟಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಓದುಗರೊಬ್ಬರು ಫೋಟೊ ಕಳಿಸಿದ್ದಾರೆ. ಅಮೆರಿಕದ ಸೈನಿಕನ ರೈಫಲ್, ಅದರ ಮೇಲೊಂದು ಸ್ಕೋಪ್, ಸ್ಕೋಪಿನ ಮಗ್ಗುಲಲ್ಲಿ ಪುಟ್ಟದೊಂದು ಚುಕ್ಕಿಚುಕ್ಕಿಯ ಚೌಕ. "ಫೋನು ಹಿಡಿದರೆ ಓದುವುದಿಲ್ಲ. ಗುಪ್ತಲಿಪಿಯೇ? ಬಂದೂಕು ಕಳುವಾದರೆ ಉಪಗ್ರಹ ಇದನ್ನು ನೋಡಿ ಪತ್ತೆಹಚ್ಚುತ್ತದಂತೆ, ಹೌದೇ?" ಎಂದು ಕೇಳಿದ್ದಾರೆ.

ಎರಡೂ ಅಲ್ಲ. ಅದು ಡೇಟಾ ಮ್ಯಾಟ್ರಿಕ್ಸ್ ಎಂಬ ಚೌಕಾಕಾರದ ಬಾರ್‌ಕೋಡ್. ಜಪಾನಿನ ಮಸಾಹಿರೊ ಹಾರಾ 1994ರಲ್ಲಿ ರೂಪಿಸಿದ ಕ್ಯೂಆರ್ ಕೋಡಿಗಿಂತ ಹಿರಿಯದು. ಕ್ಯೂಆರ್‌ಗೆ ಮೂರು ಮೂಲೆಗಳಲ್ಲಿ ಕಣ್ಣುಗಳಿವೆ. ಇದಕ್ಕೆ ಎಡಕ್ಕೂ ಕೆಳಕ್ಕೂ ಒಂದೊಂದು ಗಟ್ಟಿ ಗೆರೆ, ಉಳಿದೆರಡು ಬದಿಗೆ ಕಡಿದು ಕಡಿದು ಬರುವ ಗೆರೆ. ಅನೇಕ ಫೋನುಗಳ ಕ್ಯಾಮೆರಾ ಆ ಮೂರು ಕಣ್ಣುಗಳನ್ನಷ್ಟೇ ಹುಡುಕುತ್ತದೆ. ಬಾರ್‌ಕೋಡ್ ಓದುವ ಉಚಿತ ಆ್ಯಪ್ ಹಾಕಿಕೊಳ್ಳಿ, ಗುಟ್ಟು ರಟ್ಟಾಗುತ್ತದೆ: ಒಂದು ಸಂಖ್ಯೆ, ಅಷ್ಟೇ. ಉಪಗ್ರಹದ ಮಾತಂತೂ ಬರೀ ಕಾಗಕ್ಕ ಗುಬ್ಬಕ್ಕನ ಕಥೆ. ಲೋಹದ ಮೇಲಿನ ಗೀಚಿಗೆ ಬ್ಯಾಟರಿಯೂ ಇಲ್ಲ, ಆಂಟೆನಾವೂ ಇಲ್ಲ.

ಅಮೆರಿಕದ ರಕ್ಷಣಾ ಇಲಾಖೆ 2003ರ ಜುಲೈ 29ರಂದು ಒಂದು ಆದೇಶ ಹೊರಡಿಸಿತು. ಐದು ಸಾವಿರ ಡಾಲರ್ ಅಥವಾ ಹೆಚ್ಚು ಬೆಲೆಯ ಪ್ರತಿ ವಸ್ತುವಿಗೂ ಜಗತ್ತಿನಲ್ಲಿ ಮತ್ತೆಲ್ಲೂ ಬಾರದಂಥ ಸಂಖ್ಯೆ ಇರಬೇಕು, ಅದು ಡೇಟಾ ಮ್ಯಾಟ್ರಿಕ್ಸ್ ರೂಪದಲ್ಲಿರಬೇಕು. ಅದಕ್ಕಿಂತ ಅಗ್ಗದ ಕೆಲವು ಮುಖ್ಯ ಸಾಮಗ್ರಿಗೂ ಈ ಗುರುತು ಬಂತು. ಯಾಕಿಷ್ಟು ಹಟ? ಇರುಳುನೋಟದ ಸ್ಕೋಪಿನ ಜೀವಾಳವಾದ ಇಮೇಜ್ ಇಂಟೆನ್ಸಿಫಯರ್ ಟ್ಯೂಬನ್ನೇ ನೋಡಿ. ಅಂಥ ಟ್ಯೂಬುಗಳನ್ನು ಪುಣೆಯಲ್ಲೇ, ನಮ್ಮ ಬೆಂಗಳೂರಿನ ಬಿಇಎಲ್‌ನ ಅಂಗಸಂಸ್ಥೆ ತಯಾರಿಸುತ್ತದೆ. ಒಂದೇ ದಿನ ಹೊರಬಂದ ಎರಡು ಟ್ಯೂಬುಗಳು ನೋಡಲು ಅವಳಿಜವಳಿ. ಒಂದು ಬೇಗ ಮಂಕಾದೀತು, ಇನ್ನೊಂದು ವರ್ಷಗಟ್ಟಲೆ ಬಾಳೀತು. ಯಾವುದು ಯಾವುದೆಂದು ತಿಳಿಯಲು ಪ್ರತಿಯೊಂದಕ್ಕೂ ಬೇರೆ ಗುರುತು ಬೇಕು. ಯಾರ ಕೈಲಿತ್ತು, ಯಾವಾಗ ದುರಸ್ತಿಯಾಯಿತು ಎಂಬುದೆಲ್ಲ ದಾಖಲೆಪುಸ್ತಕದಲ್ಲಿರುತ್ತದೆ, ಚೌಕದಲ್ಲಲ್ಲ.

ನಿಜವಾಗಿ ಬೆರಗುಪಡಬೇಕಾದದ್ದು ಬೇರೆ. ಸ್ಕೋಪು ಮರಳಿಗೆ ಬೀಳುತ್ತದೆ, ಬಂಡೆಗೆ ಉಜ್ಜುತ್ತದೆ, ಎಣ್ಣೆ ಮೆತ್ತಿಕೊಳ್ಳುತ್ತದೆ. ಚೌಕದ ಒಂದು ಪಾಲು ಅಳಿದೇ ಹೋದರೂ ಸಂಖ್ಯೆ ಒಂದಕ್ಷರ ತಪ್ಪದೆ ಓದಿಬರುತ್ತದೆ! ಇದರ ಹಿಂದಿರುವುದು 1960ರಲ್ಲಿ ಇರ್ವಿಂಗ್ ರೀಡ್ ಮತ್ತು ಗುಸ್ಟೇವ್ ಸಾಲಮನ್ ಪ್ರಕಟಿಸಿದ ಐದೇ ಪುಟದ ಲೇಖನ.

ಗ್ರಾಫ್ ಹಾಳೆ ನೆನಪಿದೆಯೇ? ನಾನು ನಿಮಗೆ 3 ಮತ್ತು 5 ಎಂಬ ಎರಡು ಅಂಕೆ ಕಳಿಸಬೇಕು. ಒಂದನೇ ಮನೆಯಲ್ಲಿ 3, ಎರಡನೇ ಮನೆಯಲ್ಲಿ 5 ಎಂದು ಗುರುತಿಸಿ ಸರಳರೇಖೆ ಎಳೆಯುತ್ತೇನೆ. ಅದೇ ರೇಖೆ ಮೂರನೇ ಮನೆಯಲ್ಲಿ 7ನ್ನೂ ನಾಲ್ಕನೆಯದರಲ್ಲಿ 9ನ್ನೂ ಮುಟ್ಟುತ್ತದೆ. ಈಗ 3, 5, 7, 9 ನಾಲ್ಕನ್ನೂ ಕಳಿಸುತ್ತೇನೆ. ದಾರಿಯಲ್ಲಿ ಯಾವ ಎರಡು ಅಳಿದರೂ ಚಿಂತೆಯಿಲ್ಲ, ಉಳಿದೆರಡು ಬಿಂದುಗಳಿಂದ ರೇಖೆಯನ್ನು ನೀವೇ ಎಳೆಯಬಲ್ಲಿರಿ. ಇನ್ನೂ ಸೊಗಸೆಂದರೆ, 3, 5, 1, 9 ಎಂದು ಒಂದಂಕೆ ಕೆಟ್ಟು ಬಂದರೂ ಮೂರು ಬಿಂದುಗಳು ಸಾಲಾಗಿ ನಿಂತು, 1 ಕಳ್ಳನೆಂದು ತೋರಿಸಿಕೊಡುತ್ತವೆ. ರೀಡ್-ಸಾಲಮನ್ ಸರಳರೇಖೆಯ ಬದಲು ಹೆಚ್ಚು ಬಾಗುಬಳುಕಿನ ರೇಖೆಗಳನ್ನು ಕೊಡುವ ಬಹುಪದೋಕ್ತಿಗಳನ್ನು ಬಳಸಿದರು. 18×18 ಮನೆಗಳ ಚೌಕದಲ್ಲಿ 32 ಸಂಕೇತಪದಗಳು, ಅಂದರೆ ಮೇಲಿನ 3, 5ರಂಥ ಅಂಕೆಗಳು, ಹಿಡಿಯುತ್ತವೆ. ಮಾಹಿತಿಗೆ 18, ಉಳಿದ 14 ಬರೀ ರಿಪೇರಿಗೆ! ಎಲ್ಲಿ ಕೆಟ್ಟಿದೆ ಎಂದು ಯಾರೂ ಹೇಳದಿದ್ದರೂ ಏಳು ಪದಗಳವರೆಗಿನ ತಪ್ಪು ಸರಿಯಾಗುತ್ತದೆ. ಒಂದು ಮನೆ 0.2 ಮಿಲಿಮೀಟರ್ ಎಂದುಕೊಂಡರೂ ಇಡೀ ಚೌಕ 4 ಮಿಲಿಮೀಟರ್ ದಾಟುವುದಿಲ್ಲ. ವಾಯೇಜರ್-2 ನೌಕೆ 1986ರಲ್ಲಿ ಯುರೇನಸ್‌ನ ಚಿತ್ರಗಳನ್ನು ಕಳಿಸಿದ್ದೂ ಇದೇ ಗಣಿತದ ಬೆಂಬಲದಿಂದ. ಅದೇ 1960ರಲ್ಲಿ ಇಬ್ಬರು ಬಂಗಾಳಿಗಳು, ರಾಜಚಂದ್ರ ಬೋಸ್ ಮತ್ತು ರಾಯ್-ಚೌಧುರಿ, ಇದರ ಹತ್ತಿರದ ಬಂಧುವಾದ ಇನ್ನೊಂದು ಸಂಕೇತ ಕುಟುಂಬವನ್ನು ಪ್ರಕಟಿಸಿದ್ದರು.

ಕೊನೆಗೆ, ಚೌಕದಿಂದ ಓದಿಬಂದ ಸಂಖ್ಯೆಗೆ ಮರಳೋಣ. ಸೈನ್ಯದ ಸಂಖ್ಯೆಯ ಆರಂಭದ ಭಾಗ ಆ ಸಂಖ್ಯೆಯನ್ನು ಕೊಟ್ಟ ಸಂಸ್ಥೆ ಯಾವುದೆಂದು ಹೇಳುತ್ತದೆ; ವಸ್ತು ಎಲ್ಲಿ ತಯಾರಾಯಿತೆಂದಲ್ಲ. ಅಂಗಡಿಯ ಬಾರ್‌ಕೋಡಿಗೂ ಇದೇ ನಿಯಮ. 2020ರಲ್ಲಿ ಎಲ್ಲರ ವಾಟ್ಸ್ಆ್ಯಪ್‌ಗೂ ಬಂದ "890 ಇದ್ದರೆ ಸ್ವದೇಶಿ, 690 ಇದ್ದರೆ ಚೀನಾ ಮಾಲು" ಎಂಬ ಉಪದೇಶ ಶುದ್ಧ ತಪ್ಪು. ಕಂಪನಿಯು ಜಿಎಸ್1 ಎಂಬ ಸಂಸ್ಥೆಯ ಭಾರತದ ಶಾಖೆಯಿಂದ ಸಂಖ್ಯೆ ಪಡೆದಿದೆ ಎಂದಷ್ಟೇ 890ರ ಅರ್ಥ. ಚೀನಾದಲ್ಲಿ ಮಾಡಿಸಿದ ಆಟಿಕೆಯ ಮೇಲೂ ಅದು ಇರಬಹುದು. ನಿಮ್ಮ ಸೊಸೈಟಿಯ ಗ್ರೂಪಿಗೆ ಆ ಮೆಸೇಜು ಮತ್ತೆ ಬಂದರೆ ಮುಂದಕ್ಕೆ ದಾಟಿಸಬೇಡಿ, ಪೊಟ್ಟಣದ ಮೇಲೆ ಅಕ್ಷರದಲ್ಲೇ ಬರೆದಿರುವ ತಯಾರಾದ ದೇಶದ ಹೆಸರು ಓದಲು ಹೇಳಿ.